ಎಡಗಡೆ ಎರಡು ಬೆರಳು

ನನ್ನ ಮೈದುನ ಪಾಟಾ ಕೆಲಸದವನು. ಲಾರಿಯ ಚಕ್ರದ ಅಚ್ಚಿನ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಪೇರಿಸಿ ಬಿಗಿದಿರುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಪಾಟಾ ಅನ್ನುತ್ತಾರೆ. ಗಾಡಿಯ ಭಾರವೆಲ್ಲ ಅದರ ಮೇಲೆ. ತಗ್ಗಿಗೆ ಇಳಿದಾಗ ಮನುಷ್ಯರ ಬೆನ್ನು ಉಳಿಸುವುದೂ ಅದೇ, ಮುರಿಯುವುದೂ ಅದೇ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯ ಪಕ್ಕಕ್ಕೆ ನಮ್ಮ ಗ್ಯಾರೇಜು. ನಲವತ್ತು ವರ್ಷ ಸುತ್ತಿಗೆ ಬಡಿದು ಮೈದುನನ ಎರಡೂ ಕಿವಿ ಹೋಗಿವೆ. ಪಾಟಾ ಒಳ್ಳೆಯದೋ ಕೆಟ್ಟದೋ ಗೊತ್ತಾಗುವುದು ಮಾತ್ರ ಸದ್ದಿನಿಂದ. ನೇತುಹಾಕಿ ತಟ್ಟಿದರೆ ಗಟ್ಟಿ ಪಾಟಾ ಗುಡಿಯ ಗಂಟೆಯ ಹಾಗೆ ಠಣ್ ಅಂದು ಸ್ವಲ್ಪ ಹೊತ್ತು ಗುನುಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಒಡೆದ ಗಡಿಗೆಯ ಹಾಗೆ ಡಬ್ ಅನ್ನುತ್ತದೆ. ಹಾಗಾಗಿ ಅವನು ತಟ್ಟುತ್ತಾನೆ, ನಾನು ಕೇಳುತ್ತೇನೆ. ಸರಿ ಇದ್ದರೆ ಗೋಣು ಹಾಕುತ್ತೇನೆ, ಇಲ್ಲದಿದ್ದರೆ ಕೈ ಅಲ್ಲಾಡಿಸುತ್ತೇನೆ. ನನ್ನ ಗಂಡ ಸತ್ತ ಮೇಲೆ ಗ್ಯಾರೇಜು ನಡೆದಿರುವುದು ಹೀಗೆ. ಕೈ ಅವನದು, ಕಿವಿ ನನ್ನದು.

ಇನ್ನೊಂದು ಕೆಲಸವೂ ನನ್ನದೇ. ಗಾಡಿ ಎಷ್ಟು ಒದೆಯುತ್ತದೆ ಅಂತ ನೋಡಲು ಹಿಂದಿನ ಅಚ್ಚಿನ ನೇರಕ್ಕೆ ಒಂದು ಹಿತ್ತಾಳೆ ತಂಬಿಗೆ ಇಟ್ಟು, ಅದರಲ್ಲಿ ಕುತ್ತಿಗೆ ಮಟ ನೀರು ಹಾಕಿ, ಪಕ್ಕದಲ್ಲಿ ನಾನು ಕೂಡುತ್ತೇನೆ. ಹಳ್ಳದ ತನಕ ಹೋಗಿ ಬರುವಷ್ಟರಲ್ಲಿ ಎಷ್ಟು ಬೆರಳು ನೀರು ಚೆಲ್ಲಿತು ನೋಡುವುದು. ಇದು ನನ್ನ ಗಂಡ ಮಾಡಿಟ್ಟ ಪದ್ಧತಿ. ತಂಬಿಗೆ ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳಿದ್ದು ಕಿವಿ. ಅದನ್ನೇ ಹೇಳಲು ಕೂತಿದ್ದೇನೆ.

ಹೋದ ಬೇಸಿಗೆಯಲ್ಲಿ ಒಬ್ಬ ಮಾಸ್ತರರು ಬಂದರು. ಸಾಲಿ ನೌಕರಿ ಮುಗಿಸಿ ಮನೆಯಲ್ಲಿದ್ದವರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ತಾವೇ ಓಡಿಸಿಕೊಂಡು ಬಂದದ್ದು ಒಂದು ಗಿಡ್ಡ ಲಾರಿ, ನಾಲ್ಕೂ ಗಾಲಿ ಎಳೆಯುವಂಥದು. ಮೊದಲು ಮಿಲಿಟರಿಯಲ್ಲಿದ್ದು, ಆಮೇಲೆ ಕಲ್ಲಿನ ಖಣಿಗೆ ಬಂದು, ಅಲ್ಲಿಯೂ ಮುದಿಯಾಗಿ ಇವರ ಕೈಗೆ ಸಿಕ್ಕಿತ್ತು.

"ಅವ್ವಾರ, ಇದು ಭಾಳ ಒದೀತೈತ್ರಿ," ಅಂದರು.

"ಎಮ್ಮಿ ಏನ್ರಿ ಅದು, ಒದಿಯಾಕ? ಕುಂಡ್ರರಿ. ಯಾರನ್ನ ಹೊರತೈತಿ ಹೇಳ್ರಿ."

ಅವರ ಅಕ್ಕನನ್ನು. ಇಳಕಲ್ಲಿನಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದು ನೇಯ್ದು ಬೆನ್ನು ಹಾಳಾದ ಹೆಣ್ಣುಮಗಳು. ಈಗ ಮೂತ್ರಪಿಂಡವೂ ಕೆಟ್ಟು, ವಾರಕ್ಕೆ ಎರಡು ಸಲ ಬಾಗಲಕೋಟೆಯ ದವಾಖಾನೆಗೆ ಹೋಗಿ ಯಂತ್ರಕ್ಕೆ ಹಚ್ಚಿಸಿಕೊಂಡು ರಕ್ತ ತೊಳೆಸಿಕೊಂಡು ಬರಬೇಕು. ತಪ್ಪಿಸಿದರೆ ಮೈಯೆಲ್ಲ ನೀರು ತುಂಬುತ್ತದೆ, ಉಸಿರು ನಿಲ್ಲುತ್ತದೆ. ಅಕ್ಕ ತಮ್ಮ ಇಬ್ಬರೇ ಇರುವುದು ಗುಡೂರು ದಾರಿಯ ಒಳಗಡೆ, ಬಿಟ್ಟುಹೋದ ಒಂದು ಖಣಿಯ ಆಚೆ, ತಮ್ಮ ಹೊಲದ ಮನೆಯಲ್ಲಿ. ಊರಿಗೆ ಬರಲು ಇದ್ದ ದಾರಿಯನ್ನು ಖಣಿ ತಿಂದಿತ್ತು. ಉಳಿದದ್ದು ತಗ್ಗಿನ ಅಂಚಿಗೆ ಹಾದು ಬರುವ ಕಲ್ಲುಚೂರಿನ ಜಾಡು. ದವಾಖಾನೆಯ ಗಾಡಿ ಒಂದು ಸಲ ಬಂದು ಜಾಡು ನೋಡಿ ಹೊಳ್ಳಿಹೋಯಿತಂತೆ. ಅದಕ್ಕೇ ಈ ಲಾರಿ. ಹಿಂದೆ ಹಾಸಿಗೆ ಹಾಸಿ ಅಕ್ಕನನ್ನು ಮಲಗಿಸಿಕೊಂಡು ಹೋಗುತ್ತಾರೆ. ಒಂದೊಂದು ಕುಲುಕಿಗೆ ಆಕೆ ಚೀರುತ್ತಾಳೆ.

ಮೈದುನ ಪಾಟಾಗಳ ನಡುವಿನ ತುಕ್ಕು ಕೆರೆದು ಗ್ರೀಸು ಹಚ್ಚಿದ. ಗಾಲಿಯ ಗಾಳಿ ಇಳಿಸಿದ. ನಾನು ಮಾತು ಸೇರಿಸಿದೆ.

"ಖಾಲಿ ಲಾರಿ ಒದಿಯೂದ ಹೆಚ್ಚರಿ ಮಾಸ್ತರ. ಕಲ್ಲು ಹೊರಾಕ ಕಟ್ಟಿದ ಪಾಟಾ ಅವು. ನಿಮ್ಮ ಅಕ್ಕಾರು ಒಬ್ಬರ ಮಲಗಿದ್ರ ಅದಕ್ಕ ಗೊತ್ತ ಆಗೂದಿಲ್ಲ. ಹಿಂದ ಒಂದಿಷ್ಟು ಭಾರ ಹಾಕ್ರಿ. ಭಾರ ಇದ್ರ ಮೆತ್ತಗ ಹೋಗ್ತೈತಿ."

"ಎಂಥಾ ಭಾರ ಹಾಕ್ಲಿ?"

"ಎಂಥಾದರ ಹಾಕ್ರಿ. ಮನ್ಯಾಗ ಇದ್ದದ್ದು."

ಮರಳಿನ ಚೀಲ ಹಾಕುತ್ತಾರೆ ಅಂತ ನನ್ನ ತಲೆಯಲ್ಲಿ. ಹೇಳಲಿಲ್ಲ. ಇದನ್ನೂ ಹೇಳಬೇಕೇ ಅನ್ನಿಸಿತು. ಸಾಲಿ ಕಲಿಸಿದವರಿಗೆ ಎಲ್ಲ ಬಿಡಿಸಿ ಹೇಳಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಬಂದರು. ಹೊತ್ತು ನೆತ್ತಿಯ ಮೇಲಿತ್ತು. ರಸ್ತೆ ಬಿಳಿಯಾಗಿ ಕುದಿಯುತ್ತಿತ್ತು, ಒಂದು ಹಕ್ಕಿಯ ಸುಳಿವಿಲ್ಲ. ಮಾಸ್ತರರ ಮುಖ ಬಾಡಿತ್ತು.

"ಅಕ್ಕ ಇನ್ನ ಗಾಡಿ ಹತ್ತಂಗಿಲ್ಲ ಅಂತಾಳ್ರಿ. ಒಂದ ಸಲ ತಪ್ಪಿಸ್ಯಾಳ ಆಗಲೇ. ಕಾಲು ಬಾತಾವು. ಶುಕ್ರವಾರ ಸೈತ ತಪ್ಪಿತು ಅಂದ್ರ ಮುಂದ ಕರಕೊಂಡು ಬರೂದೇ ಬ್ಯಾಡ ಅಂದ್ರು ಡಾಕ್ಟರು."

"ಇನ್ನೂ ಒದೀತೈತೇನು?"

"ಒದಿಯೂದು ಕಡಿಮಿ ಆಗೈತ್ರಿ. ಅದಲ್ಲ." ಅವರು ಆಚೀಚೆ ನೋಡಿದರು. "ಹಾಸಿಗಿ ಕೆಳಗ ಯಾರೋ ಮಲಗ್ಯಾರ ಅಂತಾಳ. ಗುಂಯ್ ಅಂತ ಹಾಡತಾರಂತ. ಅವರ ಮೈ ತಣ್ಣಗ ಬೆನ್ನಿಗೆ ಹತ್ತತೈತಿ, ನಾ ಅವರ ಮ್ಯಾಲ ಮಲಗೂದಿಲ್ಲ ಅಂತಾಳ. ರಕ್ತ ಕೆಟ್ರ ತಲಿಗೂ ಏರತೈತಂತ್ರಿ."

ನಾನು ದೆವ್ವ ಭೂತ ನಂಬಿದವಳಲ್ಲ. ಸತ್ತವರು ನಮ್ಮ ಮನೆಯಲ್ಲೂ ಇದ್ದಾರೆ, ಒಬ್ಬರೂ ತಿರುಗಿ ಬಂದು ಒಂದು ಕೊಡ ನೀರು ತಂದುಕೊಟ್ಟಿಲ್ಲ. ಗಾಡಿಯ ಹಿಂದೆ ಹೋಗಿ ನಿಂತು ನೋಡಿದೆ. ಎಡಗಡೆ ಇಳಿದಿತ್ತು. ಚಕ್ರದ ಮೇಲಿನ ಸಂದಿಗೆ ಕೈ ಇಟ್ಟು ಅಳೆದೆ. ಬಲಗಡೆಗಿಂತ ಎಡಗಡೆ ಎರಡು ಬೆರಳು ಕಡಿಮೆ. ಮೇಲೆ ಯಾರೂ ಇರಲಿಲ್ಲ. ಆದರೂ ಎಡಕ್ಕೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ ಗಾಡಿ ವಾಲಿತ್ತು.

"ಮ್ಯಾಲ ಏನೈತ್ರಿ?"

"ಅಕ್ಕನ ಹಾಸಿಗಿ ಅಷ್ಟ. ತಾಡಪತ್ರಿ ಬಿಗದು ಕಟ್ಟೇನಿ, ಬಿಚ್ಚಬ್ಯಾಡ್ರಿ," ಅಂದರು. ಮಾತು ಸ್ವಲ್ಪ ಅವಸರದಲ್ಲಿ ಬಂತು.

ಬಿಚ್ಚಲಿಲ್ಲ. ಮೇಲೆ ಹತ್ತಿ ಆ ಹೆಣ್ಣುಮಗಳು ಮಲಗುವ ಜಾಗದಲ್ಲಿ ನಾನೇ ಮಲಗಿದೆ. ಸೊಂಟ ನೋಯುವವಳಿಗೆ ಹಾಸಿಗೆ ಎಲ್ಲಿ ಚುಚ್ಚುತ್ತದೆ ಅಂತ ಬೇರೆಯವರು ನೋಡಿ ಹೇಳಲಾಗದು. ಇಂಜಿನ್ನು ಮತ್ತೆ ಚಾಲೂ ಆಗುತ್ತದೋ ಇಲ್ಲವೋ ಅಂತ ಮಾಸ್ತರರು ಅದನ್ನು ಬಂದ್ ಮಾಡಿರಲಿಲ್ಲ.

ಕಣ್ಣು ಮುಚ್ಚಿದೆ. ಮೊದಲು ತಿಳಿದದ್ದು ತಂಪು. ಮುಖದ ಮೇಲೆ ಬಿಸಿಲು ಬೆಂಕಿ ಇಟ್ಟ ಹಾಗಿದೆ, ಕೆಳಗಿನಿಂದ ಮಾತ್ರ ಬಾವಿಯ ಕಟ್ಟೆಗೆ ಒರಗಿದ ಹಾಗೆ ತಂಪು ಏರುತ್ತಿದೆ, ಅರಳೆ ದಾಟಿ, ಸೀರೆ ದಾಟಿ, ಬೆನ್ನೆಲುಬಿನ ಒಂದೊಂದೇ ಮಣಿಗೆ. ಆಮೇಲೆ ಸದ್ದು. ಗುಂಯ್ ಅಂತ, ಬಾಯಿ ಮುಚ್ಚಿಕೊಂಡು ಹೆಂಗಸು ಮೂಗಿನಲ್ಲಿ ಜೋಗುಳ ಎಳೆದ ಹಾಗೆ. ಏರುತ್ತದೆ, ಇಳಿಯುತ್ತದೆ, ಉಸಿರು ತೆಗೆದುಕೊಳ್ಳುತ್ತದೆ, ಮತ್ತೆ ಏರುತ್ತದೆ. ನನ್ನ ಹಲ್ಲಿನ ಬುಡಕ್ಕೆ ಬಂದು ನಿಂತಿತು.

"ಇಂಜಿನ್ ಬಂದ್ ಮಾಡ್ರಿ," ಎಂದು ಕೂಗಿದೆ.

ಬಂದ್ ಮಾಡಿದರು. ಇಂಜಿನ್ನು ನಿಂತಿತು. ಅದು ನಿಲ್ಲಲಿಲ್ಲ. ಒಂದು, ಎರಡು ಅಂತ ಎಣಿಸುವಷ್ಟು ಹೊತ್ತು ಹಾಡಿ ಆಮೇಲೆ ಸುಮ್ಮನಾಯಿತು. ನನ್ನ ತೋಳಿನ ಕೂದಲು ನಿಂತಿದ್ದವು. ಹೇಳಲು ನಾಚಿಕೆ ಇಲ್ಲ, ನಿಂತಿದ್ದವು.

ಇಳಿದು ಗಾಡಿಯ ಕೆಳಗೆ ಸರಿದೆ. ಈ ವಯಸ್ಸಿಗೆ ಯಾಕೆ ಅಂತ ಮೈದುನ ಸನ್ನೆ ಮಾಡಿದ, ನಾನೂ ಸನ್ನೆಯಿಂದಲೇ ಸುಮ್ಮನಿರು ಅಂದೆ. ಗಾಡಿಯ ತಳ ಕಟ್ಟಿಗೆ ಹಲಗೆಯದು. ಎಡಗಡೆ ಒಂದು ಹಲಗೆ ಮುರಿದು ಗೇಣಗಲದ ಸಂದಿ ಬಿದ್ದಿತ್ತು. ಆ ಸಂದಿಯಲ್ಲಿ ಹಾಸಿಗೆ ಕಾಣಬೇಕಿತ್ತು. ಕಂಡದ್ದು ಕೆಂಪು. ಒರೆಸಿದ ಕನ್ನಡಿಯ ಹಾಗೆ ಹೊಳೆಯುವ ಕೆಂಪು. ಅದರಲ್ಲಿ ಒಂದು ಮುದುಕಿಯ ಮುಖ ಕೆಳಗೆ ನೋಡುತ್ತಿತ್ತು. ನನ್ನದೇ ಅಂತ ತಿಳಿಯಲು ಒಂದು ಗಳಿಗೆ ಹಿಡಿಯಿತು.

ಮುಖದ ಮೇಲೆ ಗೀರುಗಳಿದ್ದವು. ಬೆರಳಿಟ್ಟು ಮುಟ್ಟಿದೆ. ಕೆತ್ತಿದ ಅಕ್ಷರ. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ಈಗಲೂ ಅಕ್ಷರ ಕೂಡಿಸುತ್ತ ಹೋಗುತ್ತೇನೆ. ಮಲಗಿಕೊಂಡು, ಮಣ್ಣು ಕಣ್ಣಿಗೆ ಉದುರುತ್ತಿರುವಾಗ, ಒಂದೊಂದನ್ನೇ ಬೆರಳಿನಿಂದ ಓದಿದೆ. ಒಂದು ಹೆಣ್ಣಿನ ಹೆಸರು. ಅದರ ಕೆಳಗೆ ಹುಟ್ಟಿದ ವರ್ಷ. ವರ್ಷದ ಮುಂದೆ ಒಂದು ಸಣ್ಣ ಗೆರೆ. ಗೆರೆಯ ಮುಂದೆ ಬೆರಳು ಇಟ್ಟರೆ ಜಾರಿಹೋಯಿತು. ಅಲ್ಲಿ ಏನೂ ಇರಲಿಲ್ಲ, ನುಣ್ಣಗೆ ಖಾಲಿ.

ಹೊರಗೆ ಬಂದು ಕೇಳಿದೆ. "ಮಾಸ್ತರ, ನಿಮ್ಮ ಅಕ್ಕಾರ ಹೆಸರೇನ್ರಿ?"

ಹೇಳಿದರು. ಅದೇ.

"ಸಮಾಧಿ ಕಲ್ಲಿನ ಮ್ಯಾಲ ಮಲಗಿಸಿಕೊಂಡು ದವಾಖಾನಿಗೆ ಒಯ್ಯಾಕ್ಹತ್ತೀರಲ್ರಿ ಅಕಿನ್ನ, ಜೀವಂತ!"

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. "ಕಲ್ಲು ಪಾಲಿಶ್ ಮಾಡೋ ಫ್ಯಾಕ್ಟರಿ ಮುಚ್ಚೂದಿತ್ರಿ. ಕಡೀ ಕಲ್ಲು ಇದ್ದವು, ಛಲೋ ಕಲ್ಲು. ಒಂದ ದಿನಾ ಬೇಕಾಗ್ತಾವಲ್ಲ ಅಂತ ಇಬ್ಬರದೂ ಕೆತ್ತಿಸಿ ಇಟ್ಟೆ. ಭಾರ ಹಾಕ್ರಿ, ಮನ್ಯಾಗ ಇದ್ದದ್ದು ಹಾಕ್ರಿ ಅಂದ್ರಿ ನೀವು. ಮನ್ಯಾಗ ಇದ್ದದ್ದು ಅದ. ಮುಖಾ ಕೆಳಗ ಮಾಡಿ ಹಾಕೇನಿ."

"ನಿಮ್ಮ ಕಲ್ಲು ಹಾಕಬೇಕಿತ್ತು!"

"ನಂದರ ಮ್ಯಾಲ ದಿನಾ ಅರಬಿ ಒಗೀತೇನ್ರಿ," ಅಂದರು ಮಾಸ್ತರರು.

ಬಯ್ಯುವ ಹಾಗಿರಲಿಲ್ಲ. ಭಾರ ಹಾಕು ಅಂದದ್ದು ನಾನು. ಮಣ್ಣು ಕೊಡುವ ಮಂದಿ ಇವರು, ಹುಗಿದ ಮೇಲೆ ಕಲ್ಲು ಹಾಕುತ್ತಾರೆ. ಇಳಕಲ್ಲಿನ ಸುತ್ತ ಕಲ್ಲು ಅಂದರೆ ಹೊಸಿಲು, ಕಟ್ಟೆ, ಒಗೆಯುವ ಬಂಡೆ, ಸಮಾಧಿ, ಎಲ್ಲ ಒಂದೇ ಕಲ್ಲು. ಅವರಿಗೆ ಅದು ಭಾರ ಅಷ್ಟೇ.

ಸರಪಳಿ ಹಾಕಿ ಕಪ್ಪಿಯಿಂದ ಎತ್ತಿ ಕಲ್ಲನ್ನು ಇಳಿಸಿದೆವು. ಗ್ಯಾರೇಜಿನ ಬೇವಿನ ಗಿಡದ ಕೆಳಗೆ ಎರಡು ತುಂಡು ಕಟ್ಟಿಗೆಯ ಮೇಲೆ ಇಟ್ಟೆವು, ಮುಖ ಕೆಳಗೆ. ಭಾರ ಹೋದ ಮೇಲೆ ಗಾಡಿ ಮತ್ತೆ ಒದೆಯುತ್ತದೆ, ಅದಕ್ಕೆ ಪಾಟಾವನ್ನೇ ಮೆತ್ತಗೆ ಮಾಡಬೇಕು. ಮೈದುನ ಎರಡೂ ಕಡೆ ಕೆಳಗಿನ ಪಟ್ಟಿಗಳಲ್ಲಿ ಎರಡೆರಡು ತೆಗೆದ. ಉಳಿದವುಗಳ ತುದಿ ತಿಕ್ಕಿ ಗುಂಡಗೆ ಮಾಡಿದ, ಒಂದರ ಮೇಲೊಂದು ಸಲೀಸಾಗಿ ಸರಿಯಲಿ ಅಂತ. ಹೊಸ ರಬ್ಬರು, ಕೈತುಂಬ ಹೊಸ ಗ್ರೀಸು. ಎಲ್ಲಕ್ಕೂ ಮೇಲೆ ತುದಿಯ ಸುರುಳಿಗಳನ್ನು, ಅಂದರೆ ಕಣ್ಣುಗಳನ್ನು, ಗಾಡಿಯ ಮೈಗೆ ಸಿಕ್ಕಿಸಿಕೊಂಡು ಕೂತಿರುವ ದೊಡ್ಡ ಪಾಟಾ ಇರುತ್ತದೆ, ಅದನ್ನು ಬಿಚ್ಚಲಿಲ್ಲ. ಬಿಚ್ಚಿ ನೇತುಹಾಕಿ ತಟ್ಟಬೇಕಿತ್ತು. ಮೈದುನ ಸುತ್ತಿಗೆ ಎತ್ತಿ ತೋರಿಸಿ ಕೇಳಿದ, "ವೈನಿ, ತಟ್ಟೂನೇನು?"

"ಬ್ಯಾಡ ಬಿಡು, ಯಾಳೆ ಆಗೈತಿ," ಅಂದು ಕೈ ಅಲ್ಲಾಡಿಸಿದೆ. ಗುಂಯ್ ಅಂದದ್ದು ಕಲ್ಲು, ತಂಪು ಕಲ್ಲಿಂದು, ಗಾಡಿ ವಾಲಿದ್ದು ಕಲ್ಲಿನ ಭಾರಕ್ಕೆ. ಒಂದೇ ಕಲ್ಲಿಗೆ ಮೂರೂ ಕೂಡಿ ಬಂದವು. ಇಷ್ಟು ಚೆಂದ ಕೂಡಿದ ಮೇಲೆ ಮತ್ತೆ ಕಿವಿ ಕೊಡುವವರು ಯಾರು?

ಒಂದು ಕೂಡಿರಲಿಲ್ಲ. ಕಲ್ಲು ಇಳಿಸಿದ ಮೇಲೆ ಸಂದಿಗೆ ಕೈ ಇಟ್ಟಾಗ ಎಡಗಡೆ ಇನ್ನೂ ಒಂದು ಬೆರಳು ಕಡಿಮೆಯೇ ಇತ್ತು. ಮುದಿ ಗಾಡಿ, ಉಕ್ಕು ಕೂತಿದೆ ಅಂದುಕೊಂಡೆ. ನನ್ನ ಎಡ ಭುಜವೂ ಇಳಿದಿದೆ, ಯಾರು ಕೇಳುತ್ತಾರೆ? ತಂಬಿಗೆ ಇಟ್ಟು ಹಳ್ಳದ ತನಕ ಹೋಗಿ ಬಂದೆವು. ಅರ್ಧ ಬೆರಳು ಚೆಲ್ಲಿತು. ಸದ್ದಿಲ್ಲ, ತಂಪಿಲ್ಲ. ಮಾಸ್ತರರು ಕೈ ಮುಗಿದರು.

"ಆದ್ರ ಅಕ್ಕ ನನ್ನ ಮಾತು ಕೇಳಂಗಿಲ್ರಿ. ಶುಕ್ರವಾರ ನೀವ ಬಂದು ಹೇಳ್ರಿ. ಅದರ ಮ್ಯಾಲ ಮಲಗಿದವರು ನೀವು."

ಶುಕ್ರವಾರ ಮುಂಜಾನೆ ಬಂದು ಕರೆದುಕೊಂಡು ಹೋದರು. ತಂಬಿಗೆ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಹೋದೆ.

ಆ ಖಣಿಯನ್ನು ನಾನು ಮೊದಲು ನೋಡಿರಲಿಲ್ಲ. ಜಾಡು ಏರಿ ತಿರುಗಿದ ಕೂಡಲೇ ನೆಲ ಇಲ್ಲ. ಚಾಕುವಿನಿಂದ ಬೆಲ್ಲ ಕೊಯ್ದ ಹಾಗೆ ನೆಟ್ಟಗೆ ಇಳಿದ ಕೆಂಪು ಗೋಡೆ, ತಳದಲ್ಲಿ ಹಸಿರು ನೀರು. ಗಾಳಿ ಬೀಸುತ್ತಿತ್ತು, ಆ ನೀರು ಮಾತ್ರ ಅಲ್ಲಾಡುತ್ತಿರಲಿಲ್ಲ. ಆಚೆ ಗೋಡೆಯಿಂದ ನಮ್ಮ ಲಾರಿಯ ಸದ್ದು ತಿರುಗಿ ಬರುತ್ತಿತ್ತು, ಸ್ವಲ್ಪ ತಡವಾಗಿ. ಮಾಸ್ತರರು ಒಂದು ಕಡೆ ನಿಲ್ಲಿಸಿ ನೀರು ಕುಡಿದರು. ನಮ್ಮ ಇಂಜಿನ್ನು ಸುಮ್ಮನಾಯಿತು. ಆಚೆಯದು ಇನ್ನೂ ಒಂದು ಮಾರು ನಡೆದು ಬಂದು ನಿಂತಿತು. ನಮ್ಮ ಹಿಂದೆ ಇನ್ನೊಂದು ಗಾಡಿ ಬರುತ್ತಿದೆ, ಅದರಲ್ಲೂ ಒಬ್ಬ ಮಾಸ್ತರ ಒಬ್ಬ ಮುದುಕಿ ಇದ್ದಾರೆ ಅನ್ನುವ ಹಾಗೆ.

ಮನೆಯಲ್ಲಿ ಅಕ್ಕ ಹಗ್ಗ ಹೆಣೆದ ಹೊರಸಿನ ಮೇಲೆ ಗೋಡೆಗೆ ಆನಿಸಿಕೊಂಡು ಕೂತಿದ್ದಳು. ಮುಖ ಬಾತು ಕಣ್ಣು ಸಣ್ಣಗಾಗಿದ್ದವು. ಒಂದು ಮಾತಿಗೆ ಎರಡು ಉಸಿರು ತೆಗೆದುಕೊಳ್ಳುತ್ತಿದ್ದಳು.

"ನೀ ಯಾರವ್ವಾ?"

"ಪಾಟಾದಾಕಿ. ನಿನ್ನ ಹಾಸಿಗ್ಯಾಗ ಮಲಗಿ ನೋಡಿದಾಕಿ."

"ಕೇಳಿದ್ಯೇನು?"

"ಕೇಳೇನಿ. ಖರೇನ ಇತ್ತು ಸದ್ದು. ನಿನ್ನ ತಲಿ ಕೆಟ್ಟಿಲ್ಲ."

ಆಕೆ ತಮ್ಮನ ಕಡೆ ನೋಡಿದಳು. ಆ ನೋಟವೇ ಸಾಕಿತ್ತು, ಮಾಸ್ತರರು ನೆಲ ನೋಡಿದರು.

ನಾನು ಹೇಳಿಬಿಟ್ಟೆ. ಹೇಳಬೇಡಿ ಅಂತ ಅವರು ದಾರಿಯುದ್ದಕ್ಕೂ ಕೇಳಿಕೊಂಡಿದ್ದರು. "ನಿನ್ನ ತಮ್ಮ ನಿನ್ನ ಸಮಾಧಿ ಕಲ್ಲು ಹಾಸಿದ್ದ ಕೆಳಗ. ನಿನ್ನ ಹೆಸರಿಂದು. ಭಾರ ಬೇಕು ಅಂದಿದ್ದೆ ನಾನು. ತಗಸೇನಿ ಈಗ."

ಆಕೆಯ ಹೊಟ್ಟೆ ಅಲುಗಾಡಿತು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು, ಕೆಮ್ಮು ಬರುವ ತನಕ. "ಬಾದಾಮಿ ಕಲ್ಲು ಹಾಕಬ್ಯಾಡೋ, ಮೆತ್ತಗಿರ್ತೈತಿ, ಸವದ ಹೋಗ್ತೈತಿ, ಇಳಕಲ್ ಕಲ್ಲ ಹಾಕು ಅಂದಿದ್ದೆ," ಅಂದಳು ತಮ್ಮನಿಗೆ. "ಸತ್ತಿಂದ ಹಾಕು ಅಂದಿದ್ದೆ, ಮೂಳಾ."

ಹೊರಸಿನ ಸಮೇತ ಎತ್ತಿ ಗಾಡಿಯಲ್ಲಿಟ್ಟು ಹಾಸಿಗೆಗೆ ಸರಿಸಿದೆವು. ನಾನು ಪಕ್ಕಕ್ಕೆ ಕೂತೆ. ತಂಬಿಗೆ ತುಂಬಿ ಇಟ್ಟೆ. ಆಕೆ ಅದನ್ನೇ ನೋಡುತ್ತಿದ್ದಳು.

"ನನಗ ದಿನಕ್ಕ ಎರಡು ಲೋಟ ಅಳದು ಕೊಡ್ತಾರ. ನೀ ತಂಬಿಗಿ ತುಂಬ ಚೆಲ್ಲಾಕ ಇಟ್ಟಿ."

"ಕಣ್ಣು ಮುಚ್ಚಿಕೋ."

ಗಾಡಿ ಹೊರಟಿತು. ಜಾಡಿನ ಕಲ್ಲಿಗೆ ಗಾಲಿ ಏರಿ ಇಳಿದವು. ಆಕೆ ಚೀರಲಿಲ್ಲ. ತಂಬಿಗೆಯಲ್ಲಿ ನೀರು ಆಚೀಚೆ ತೂಗಿತು, ಚೆಲ್ಲಲಿಲ್ಲ. ಕೆಲಸ ಆಯಿತು ಅಂದುಕೊಂಡೆ. ಖಣಿಯ ಅಂಚು ಇನ್ನೂ ಎರಡು ಹೊಲದಷ್ಟು ದೂರ ಇತ್ತು. ಆಗ ಆಕೆ ಕಣ್ಣು ಮುಚ್ಚಿಕೊಂಡೇ ನನ್ನ ಮುಂಗೈ ಹಿಡಿದಳು. ಬಾತ ಬೆರಳುಗಳು.

"ಬಂದ್ಲು," ಅಂದಳು.

ಗುಂಯ್.

ಕಲ್ಲು ನಮ್ಮ ಬೇವಿನ ಗಿಡದ ಕೆಳಗಿತ್ತು, ಮೈಲುಗಟ್ಟಲೆ ಆಚೆ. ಇಲ್ಲಿ ಹಲಗೆಯ ಕೆಳಗೆ ಅದೇ ದನಿ, ಅದೇ ಮೂಗಿನ ಹಾಡು. ಏರಿತು, ಇಳಿಯಿತು, ಉಸಿರು ತೆಗೆದುಕೊಂಡಿತು. ಆಚೆ ಗೋಡೆಯಿಂದಲೂ ತಿರುಗಿ ಬರತೊಡಗಿತು, ತಡವಾಗಿ, ಇಬ್ಬರು ಸೇರಿ ಹಾಡುವ ಹಾಗೆ. ಎಪ್ಪತ್ತು ದಾಟಿದ ಜೀವದಲ್ಲಿ ಅಷ್ಟು ಬೆವತದ್ದು ನೆನಪಿಲ್ಲ. ಆ ಗಳಿಗೆಯಲ್ಲಿ ನಾನೂ ನಂಬಿದೆ. ಕೆಳಗೆ ಒಬ್ಬಳು ಮಲಗಿದ್ದಾಳೆ, ಕಲ್ಲಿನ ಜೊತೆ ಇಳಿದಿಲ್ಲ.

ತಂಬಿಗೆಯ ಮೇಲೆ ಕಣ್ಣು ಹೋಯಿತು. ನೀರು ಎಡಕ್ಕೆ ಏರಿ ಬಾಯಿಯ ಅಂಚಿನ ಹತ್ತಿರ ಬಂದಿತ್ತು. ಗಾಡಿ ಸಪಾಟು ನೆಲದ ಮೇಲಿತ್ತು, ಆದರೂ ನೀರು ಎಡಕ್ಕೆ. ಒಂದು ಬೆರಳು. ನಾನು ಯಾರು ಕೇಳುತ್ತಾರೆ ಅಂತ ಬಿಟ್ಟ ಆ ಒಂದು ಬೆರಳು ಈಗ ಎರಡಾಗುತ್ತಿತ್ತು.

"ನಿಲ್ಲಸ್ರಿ!" ಕ್ಯಾಬಿನ್ನಿನ ಹಿಂದಿನ ತಗಡಿಗೆ ತಂಬಿಗೆಯಿಂದಲೇ ಬಡಿದೆ. ನೀರೆಲ್ಲ ಅಕ್ಕನ ಕಾಲ ಮೇಲೆ ಬಿತ್ತು. "ಮಾಸ್ತರ, ನಿಲ್ಲಸ್ರಿ ಅಂದೆ!"

ನಿಂತಿತು. ಇಳಿದು ಎಡಗಡೆಯ ಹಿಂದಿನ ಗಾಲಿಯ ಒಳಗೆ ತಲೆ ಹಾಕಿದೆ. ಮೇಲಿನ ದೊಡ್ಡ ಪಾಟಾದ ಮೇಲೆ ಗ್ರೀಸು ದಪ್ಪಗೆ ಕೂತಿತ್ತು. ಸೆರಗಿನಿಂದ ಒರೆಸಿದೆ. ಮುಂದಿನ ಕಣ್ಣಿನಿಂದ ಒಂದು ಗೇಣು ಹಿಂದೆ ಒಂದು ಕಪ್ಪು ಗೆರೆ, ಈ ದಂಡೆಯಿಂದ ಮುಕ್ಕಾಲು ಪಾಲು ಆ ದಂಡೆಯ ತನಕ. ಬೆರಳು ಇಟ್ಟೆ. ಇಂಜಿನ್ನು ನಡುಗಿದ ಹಾಗೆ ಗೆರೆಯ ಬಾಯಿ ತೆರೆದು ಮುಚ್ಚುತ್ತಿತ್ತು. ಹಾಡುತ್ತಿದ್ದವಳು ಇವಳು. ಹೊಸ ಗ್ರೀಸು ಎರಡು ದಿನ ಅವಳ ಬಾಯಿ ಮುಚ್ಚಿತ್ತು ಅಷ್ಟೇ. ಕೆಳಗಿನ ಪಟ್ಟಿ ಎರಡು ತೆಗೆಸಿ ಅವಳ ಮೇಲಿನ ಭಾರ ಹೆಚ್ಚು ಮಾಡಿದವಳು ನಾನು. ತಟ್ಟೋಣವೇ ಅಂತ ಕೇಳಿದರೆ ಬೇಡ ಅಂದವಳೂ ನಾನು.

ಅಲ್ಲಿ ಮುರಿದರೆ ಅಚ್ಚು ಎಡಗಡೆ ಹಿಂದಕ್ಕೆ ಸರಿಯುತ್ತದೆ, ಗಾಡಿ ಕೈಗೆ ಸಿಗದೆ ಎಡಕ್ಕೆ ಎಳೆಯುತ್ತದೆ. ಮುಂದಿನ ತಿರುವಿನಲ್ಲಿ ಎಡಗಡೆ ಇರುವುದು ಆ ಹಸಿರು ನೀರು.

ಮಾಸ್ತರರಿಗೆ ತೋರಿಸಿದೆ. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಶುಕ್ರವಾರ್ರೀ ಇವತ್ತು," ಅಂದರು ಸಣ್ಣ ದನಿಯಲ್ಲಿ. "ಇವತ್ತ ಹೋಗ್ಲಿಲ್ಲಂದ್ರ..."

"ಹೋಗೂನು. ಏಳ್ರಿ, ಕಟ್ಟಿಗಿ ತರ್ರಿ. ಜಾಲಿ ಕಟ್ಟಿಗಿ, ತೊಡಿ ದಪ್ಪಂದು. ಹಗ್ಗಾ ಎಷ್ಟಿದ್ದಷ್ಟು ತರ್ರಿ."

ಮೈದುನನಿಗೆ ಫೋನು ಮಾಡಿ ಉಪಯೋಗವಿಲ್ಲ, ಎತ್ತಿದರೆ ಹಲೋ ಹಲೋ ಅಂದು ಇಡುತ್ತಾನೆ. ನನ್ನ ಗಂಡ ದಾರಿಯಲ್ಲಿ ಮಾಡುತ್ತಿದ್ದ ಕೆಲಸ ನಾನು ನೋಡಿದ್ದೆ, ಕೈಯಿಂದ ಮಾಡಿರಲಿಲ್ಲ. ಜಾಕು ಕೊಟ್ಟು ಎತ್ತಿ, ಅಚ್ಚಿಗೂ ಗಾಡಿಯ ಮೈಗೂ ನಡುವೆ ಜಾಲಿಯ ಕೊರಡು ಸಿಕ್ಕಿಸಿದೆವು, ಭಾರ ಅದರ ಮೇಲೆ ಬೀಳಲಿ ಅಂತ. ಅಚ್ಚು ಹಿಂದೆ ಸರಿಯದಂತೆ ಮುಂದಿನ ಕೊಂಡಿಗೆ ಹಗ್ಗ ಸುತ್ತಿ ಸುತ್ತಿ, ಕಬ್ಬಿಣದ ಸಲಾಕೆ ತೂರಿಸಿ ತಿರುವಿ ಬಿಗಿದೆವು. ಹಗ್ಗ ಸಾಲಲಿಲ್ಲ. ಮೇಲಿನಿಂದ ಅಕ್ಕ ತನ್ನ ಹೊದಿಕೆಯ ಹಳೆ ಸೀರೆ ಎಸೆದಳು.

"ನಾ ನೇಯ್ದದ್ದು. ಹರಿಯಂಗಿಲ್ಲ, ಬಿಗಿ," ಅಂದಳು.

ಹರಿಯಲಿಲ್ಲ. ಖಣಿಯ ಅಂಚಿನ ಮೇಲೆ ನಾನು ಗಾಡಿಯ ಪಕ್ಕಕ್ಕೆ ನಡೆದು ಬಂದೆ, ಒಂದು ಕೈ ಪಾಟಾದ ಹತ್ತಿರ. ಅವಳು ಉದ್ದಕ್ಕೂ ಗುಂಯ್ ಅಂದಳು, ಆಚೆ ಗೋಡೆಯವಳು ತಡವಾಗಿ ಗುಂಯ್ ಅಂದಳು. ದನಿ ದಪ್ಪಗಾದರೆ ನಿಲ್ಲಿಸುವುದು, ಸಣ್ಣಗಾದರೆ ನಡೆಸುವುದು. ಆ ದಿನ ದಾರಿ ತೋರಿಸಿದ್ದು ಆ ದನಿಯೇ. ಟಾರ್ ರಸ್ತೆಗೆ ಬರುವಷ್ಟರಲ್ಲಿ ನನ್ನ ಕಾಲಲ್ಲಿ ನೆತ್ತರು ಇತ್ತು. ಅಲ್ಲಿಂದ ಎತ್ತಿನ ಗಾಡಿಯ ಹಾಗೆ ನಮ್ಮ ಗ್ಯಾರೇಜಿನ ತನಕ.

ಮೈದುನ ನೋಡಿದ, ಜಾಕು ತಂದ. ಬಿಚ್ಚಿದ ಪಾಟಾವನ್ನು ನೇತುಹಾಕಿ, ನನ್ನ ಮುಖ ನೋಡುತ್ತ ತಟ್ಟಿದ. ಡಬ್. ನಾನು ಕೈ ಅಲ್ಲಾಡಿಸಿದೆ. ಹೊಸದನ್ನು ನೇತುಹಾಕಿ ತಟ್ಟಿದ. ಠಣ್. ಗೋಣು ಹಾಕಿದೆ. "ಮೊನ್ನೆ ಈ ಗ್ವಾಣ ಎಲ್ಲಿಟ್ಟಿದ್ದಿ ವೈನಿ?" ಅಂದ. ಅಂದದ್ದು ಸರಿಯೇ ಇತ್ತು.

ಪಾಟಾ ಕೂಡಿಸುವ ತನಕ ಅಕ್ಕನನ್ನು ಇಳಿಸಿ ನೆರಳಿಗೆ ಕೂಡಿಸಬೇಕಿತ್ತು. ಗ್ಯಾರೇಜಿನ ನೆಲವೆಲ್ಲ ಎಣ್ಣೆ. ಬೇವಿನ ಕೆಳಗೆ ಕೂಡುವಂಥದು ಒಂದೇ ಇತ್ತು.

"ಅದೇನದು?" ಅಂದಳು.

"ನಿಂದ," ಅಂದೆ.

"ಹೊಳ್ಳಸ್ರಿ. ನೋಡೂನು."

ಹೊರಳಿಸಿದೆವು. ಆಕೆ ಬಗ್ಗಿ ತನ್ನ ಹೆಸರು ಓದಿದಳು, ವರ್ಷ ಓದಿದಳು, ಗೆರೆಯ ಮುಂದಿನ ಖಾಲಿ ಜಾಗವನ್ನು ಬೆರಳಿನಿಂದ ಸವರಿದಳು, ನಾನು ಸವರಿದ ಹಾಗೆಯೇ. ಆಮೇಲೆ ಸುತ್ತ ಕೆತ್ತಿದ ಅಂಚಿನ ಮೇಲೆ ಕೈ ಆಡಿಸಿದಳು. "ಅಂಚು ಸೊಟ್ಟ ಐತಿ. ಇಂಥಾ ಅಂಚು ಇಟ್ಟು ಸೀರಿ ಕೊಟ್ಟಿದ್ರ ಮಾರಿಗೆ ಒಗೀತಿದ್ರು ನನಗ," ಅಂದು ಅದರ ಮೇಲೆಯೇ ಕೂತಳು. ಅರ್ಧ ಕಪ್ಪು ಚಹಾ ಕೊಟ್ಟೆ. ಅರ್ಧವೇ. ಮಾಸ್ತರರು ಆ ಕಡೆ ತಿರುಗಿ ನಿಂತಿದ್ದರು.

ಹೊರಡುವ ಮೊದಲು ಎರಡೂ ಕಡೆ ಸಂದಿಗೆ ಕೈ ಇಟ್ಟೆ. ಎಡ ಬಲ ಒಂದೇ. ಹೊತ್ತು ಇಳಿಯುವ ಮುಂಚೆ ಬಾಗಲಕೋಟೆ ಮುಟ್ಟಿದರು. ಯಂತ್ರಕ್ಕೆ ಹಚ್ಚಿದರು.

ಈಗಲೂ ಮಂಗಳವಾರ ಶುಕ್ರವಾರ ಹೋಗುವಾಗ ಗಾಡಿ ನಮ್ಮಲ್ಲಿ ನಿಲ್ಲುತ್ತದೆ. ನಾನು ಬೆರಳಿಟ್ಟು ಅಳೆಯುತ್ತೇನೆ, ಮೈದುನ ಪಾಟಾ ತಟ್ಟುತ್ತಾನೆ, ಆಕೆ ತನ್ನ ಕಲ್ಲಿನ ಮೇಲೆ ಕೂತು ಅರ್ಧ ಕಪ್ಪು ಚಹಾ ಕುಡಿಯುತ್ತಾಳೆ. ಕಲ್ಲು ಒಯ್ಯಿರಿ ಅಂದರೆ ಮಾಸ್ತರರು ಬೇಸಿಗೆ ಮುಗಿಯಲಿ, ಮಳೆ ಮುಗಿಯಲಿ ಅನ್ನುತ್ತಾರೆ.

ಒಂದು ದಿನ ಆಕೆ ಕೇಳಿದಳು. "ಹಾಸಿಗ್ಯಾಗ ಈಗ ಸುಮ್ಮನ ಐತಿ. ಅಕಿ ಎಲ್ಲಿ ಇಳದ್ಲು?"

ನಾನು ಹೇಳಬಾರದು ಅಂತ ಇದ್ದೆ. ಅಷ್ಟರಲ್ಲಿ ಕಲ್ಲು ಹೇರಿದ ಒಂದು ದೊಡ್ಡ ಲಾರಿ ಇಳಕಲ್ ಕಡೆಯಿಂದ ಬಂದು ಹಾದುಹೋಯಿತು. ನೆಲ ನಡುಗಿತು. ಒಳಗೆ ಗೋಡೆಯ ಮೇಲೆ, ಆ ಬಿರುಕು ಬಿಟ್ಟ ಪಾಟಾವನ್ನು ನಾನು ಹಗ್ಗ ಕಟ್ಟಿ ನೇತುಹಾಕಿದ್ದೆ, ತಟ್ಟದೆ ಬಿಟ್ಟ ನೆನಪಿಗೆ. ತಟ್ಟಿದರೆ ಡಬ್ ಅನ್ನುವ ಅದರಿಂದಲೇ ಗುಂಯ್ ಅಂತ ಬಂತು. ಏರಿತು, ಇಳಿಯಿತು. ಲಾರಿ ಹೋಗಿ ಎಷ್ಟೋ ಹೊತ್ತಾದ ಮೇಲೆ ನಿಂತಿತು.

ಆಕೆ ಚಹಾದ ಕಪ್ಪನ್ನು ಕಲ್ಲಿನ ಮೇಲಿಟ್ಟು ಆ ಕಡೆಗೇ ನೋಡುತ್ತ ಕೂತಳು.

"ಹಗ್ಗಾ ಗಟ್ಟಿ ಐತೇನು?" ಅಂದಳು.

"ಗಟ್ಟಿ ಐತಿ."

"ಹಂಗಾರ ಇರ್ಲಿ," ಅಂದು ತಮ್ಮನ ಕಡೆ ಕೈ ಚಾಚಿದಳು. "ಎಬ್ಬಿಸು. ಯಾಳೆ ಆತು."